ಮನೆಯಿಂದಲೇ ಕಚೇರಿಯ ಪ್ರಿಂಟರ್‌ಗೆ: ಇಂಟರ್ನೆಟ್ ಮೂಲಕ ಸುರಕ್ಷಿತವಾಗಿ ಮುದ್ರಿಸುವ ಕ್ರಮ

‘ನಾನಿರುವುದು ಮನೆಯಲ್ಲಿ, ಪ್ರಿಂಟರ್ ಇರುವುದು ಕಚೇರಿಯಲ್ಲಿ. ಇಲ್ಲಿಂದ ಆದೇಶ ಕೊಟ್ಟರೆ ಅಲ್ಲಿ ಕಾಗದ ಹೊರಬರಬೇಕು. ಏನು ಮಾಡಲಿ?’ ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಕೇಳುವ ಹೊತ್ತಿಗೆ ಹಲವರು ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿದಾಗಿರುತ್ತದೆ. ಕೆಲವರು ಗೂಗಲ್ ಕ್ಲೌಡ್ ಪ್ರಿಂಟ್‌ನ ಹಳೆಯ ಸೂಚನೆಗಳನ್ನು ಹಿಡಿದು ಹೊರಟಿರುತ್ತಾರೆ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತುಹೋಗಿದೆ. ಇನ್ನು ಕೆಲವರು ಕಚೇರಿಯ ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಿಂಟರನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡಿರುತ್ತಾರೆ. ಮೊದಲನೆಯದರಿಂದ ಸಮಯ ಹಾಳು. ಎರಡನೆಯದು ಇಡೀ ಕಚೇರಿಯನ್ನೇ ಅಪಾಯಕ್ಕೆ ತಳ್ಳುತ್ತದೆ.

ನಾನು ಹೇಳುವ ಕ್ರಮದ ತಿರುಳು ಇಷ್ಟೇ: ಪ್ರಿಂಟರನ್ನು ಹೊರಗೆ ತರಬೇಡಿ, ನೀವು ಕಚೇರಿಯ ನೆಟ್‌ವರ್ಕಿನ ಒಳಗೆ ಹೋಗಿ. ಒಳಗೆ ಹೋದ ಮೇಲೆ ಮುದ್ರಣ ಎಂದಿನಂತೆಯೇ ನಡೆಯುತ್ತದೆ.

ನೇರವಾಗಿ ಏಕೆ ಆಗುವುದಿಲ್ಲ?

ನೆಟ್‌ವರ್ಕಿನಲ್ಲಿರುವ ಪ್ರತಿ ಸಾಧನಕ್ಕೂ ಒಂದು ಸಂಖ್ಯೆ ಇರುತ್ತದೆ. ಅದೇ ಐಪಿ ವಿಳಾಸ. ಕಚೇರಿಯ ಪ್ರಿಂಟರ್‌ನ ವಿಳಾಸ ಸಾಮಾನ್ಯವಾಗಿ 192.168ರಿಂದ, 10ರಿಂದ ಅಥವಾ 172.16ರಿಂದ 172.31ರೊಳಗಿನ ಸಂಖ್ಯೆಯಿಂದ ಶುರುವಾಗುತ್ತದೆ. ಈ ಮೂರು ಗುಂಪುಗಳು ಖಾಸಗಿ ಬಳಕೆಗೆ ಮೀಸಲು. ಅಸಂಖ್ಯ ಮನೆ, ಕಚೇರಿಗಳಲ್ಲಿ ಇವೇ ಸಂಖ್ಯೆಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಹೊರಗಿನಿಂದ 192.168.1.50 ಎಂಬ ವಿಳಾಸಕ್ಕೆ ಏನನ್ನಾದರೂ ಕಳುಹಿಸುವುದೆಂದರೆ, ಊರಿನ ಹೆಸರಿಲ್ಲದೆ ಬರಿಯ ಮನೆ ಸಂಖ್ಯೆ ಬರೆದು ಕಾಗದವನ್ನು ಅಂಚೆಗೆ ಹಾಕಿದಂತೆ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಚೇರಿಯಲ್ಲಿ ಕುಳಿತಾಗ ಪ್ರಿಂಟರ್ ತಾನಾಗಿಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ‘ನಾನಿಲ್ಲಿದ್ದೇನೆ’ ಎಂದು ಅದು ಸುತ್ತಲಿನ ಸಾಧನಗಳಿಗೆ ಸಾರುತ್ತಿರುವುದೇ ಇದಕ್ಕೆ ಕಾರಣ. ಆ್ಯಪಲ್‌ನ ಮುದ್ರಣ ವ್ಯವಸ್ಥೆಯಾದ ಏರ್‌ಪ್ರಿಂಟ್ ಇದಕ್ಕೆ ಬಳಸುವ ವಿಧಾನದ ಹೆಸರು ಎಂಡಿಎನ್‌ಎಸ್. ಆ ಸಾರುವಿಕೆ ಒಂದೇ ಸ್ಥಳೀಯ ನೆಟ್‌ವರ್ಕಿಗೆ ಸೀಮಿತ. ರೂಟರನ್ನು ದಾಟುವುದಿಲ್ಲ, ಸಾಮಾನ್ಯ ವಿಪಿಎನ್ (ದೂರದಿಂದ ಕಚೇರಿಯ ನೆಟ್‌ವರ್ಕಿನ ಒಳಗೆ ಹೋಗುವ ಖಾಸಗಿ ಸುರಂಗ) ಮೂಲಕವೂ ಹಾಯುವುದಿಲ್ಲ. ಆದ್ದರಿಂದ ದೂರದಿಂದ ಸಂಪರ್ಕಿಸಿದಾಗ ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಸಂಪರ್ಕ ಕೆಟ್ಟಿದೆ ಎಂದು ತಿಳಿಯಬೇಡಿ. ನೀವೇ ವಿಳಾಸವನ್ನು ಬೆರಳಚ್ಚಿಸಬೇಕು, ಅಷ್ಟೇ.

ಪೋರ್ಟ್ ತೆರೆಯಬೇಡಿ

ಪೋರ್ಟ್ ಎಂದರೆ ಒಂದೇ ಸಾಧನದಲ್ಲಿ ಬೇರೆ ಬೇರೆ ಸೇವೆಗಳಿಗೆ ಇರುವ ಪ್ರವೇಶ ಸಂಖ್ಯೆ. ನೆಟ್‌ವರ್ಕ್ ಪ್ರಿಂಟರ್‌ಗಳಲ್ಲಿ 9100, 631 ಮತ್ತು 515 ಹೆಚ್ಚು ಬಳಕೆಯಲ್ಲಿರುವ ಪೋರ್ಟ್‌ಗಳು. ಇವುಗಳಲ್ಲಿ 9100ರ ಸ್ವಭಾವ ತೀರ ಸರಳ: ಬಂದ ದತ್ತಾಂಶವನ್ನು ಯಾರು ಕಳುಹಿಸಿದರು ಎಂದು ಕೇಳದೆ ಮುದ್ರಿಸುತ್ತದೆ. ಗುಪ್ತಪದವಿಲ್ಲ, ಗೂಢಲಿಪಿಯಿಲ್ಲ. ಕಚೇರಿಯೊಳಗಿನ ವಿಶ್ವಾಸಾರ್ಹ ನೆಟ್‌ವರ್ಕಿಗಾಗಿ ರೂಪುಗೊಂಡ ವ್ಯವಸ್ಥೆ ಅದು. ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿ ಅದನ್ನು ಜಗತ್ತಿಗೆ ತೆರೆದಿಟ್ಟರೆ ಯಾರು ಬೇಕಾದರೂ ನಿಮ್ಮ ಕಾಗದದ ಮೇಲೆ ಏನು ಬೇಕಾದರೂ ಮುದ್ರಿಸಬಹುದು. 2018ರ ನವೆಂಬರ್‌ನಲ್ಲಿ ಒಬ್ಬ ಅಪರಿಚಿತ ಹ್ಯಾಕರ್ ಹೀಗೆ ತೆರೆದಿದ್ದ ಪ್ರಿಂಟರ್‌ಗಳಿಗೆ ಸಂದೇಶ ಕಳುಹಿಸಿ, ಸುಮಾರು 50,000 ಪ್ರಿಂಟರ್‌ಗಳಲ್ಲಿ ಅದು ಮುದ್ರಣಗೊಂಡಿತೆಂದು ಹೇಳಿಕೊಂಡ.

ಕಾಗದ ವ್ಯರ್ಥವಾಗುವುದು ಇಲ್ಲಿ ಸಣ್ಣ ನಷ್ಟ. ಕಚೇರಿಯ ಬಹುಕಾರ್ಯ ಪ್ರಿಂಟರ್‌ನ ಒಳಗೆ ವಿಳಾಸ ಪುಸ್ತಕ, ಸ್ಕ್ಯಾನ್ ಕಡತಗಳನ್ನು ಕಳುಹಿಸಲು ಬಳಸುವ ಇಮೇಲ್ ಖಾತೆಯ ಗುಪ್ತಪದ, ಕೆಲವೊಮ್ಮೆ ಕಚೇರಿಯ ಸರ್ವರ್‌ನ ಗುಪ್ತಪದವೂ ಉಳಿದಿರುತ್ತದೆ. ಅದರೊಳಗೆ ನುಗ್ಗಿದವನಿಗೆ ಮುಂದಿನ ಕಂಪ್ಯೂಟರ್‌ಗೆ ಹೋಗುವ ದಾರಿಯೂ ಸಿಗುತ್ತದೆ. ‘9100ರ ಬದಲು ಯಾರೂ ಊಹಿಸದ ಸಂಖ್ಯೆ ಕೊಟ್ಟರೆ ಸಾಕು’ ಎಂಬ ಸಲಹೆಯನ್ನೂ ನಂಬಬೇಡಿ. ಶೋಡಾನ್‌ನಂತಹ ಹುಡುಕು ಯಂತ್ರಗಳು ಇಂಟರ್ನೆಟ್‌ನಲ್ಲಿ ತೆರೆದಿರುವ ಸಾಧನಗಳನ್ನು ಸದಾ ಜಾಲಾಡುತ್ತಿರುತ್ತವೆ. ಹಿಂದೆ ಯಾರಾದರೂ ನಿಮ್ಮ ಕಚೇರಿಯಲ್ಲಿ ಹೀಗೆ ಪೋರ್ಟ್ ತೆರೆದಿದ್ದರೆ, ಮುಂದಿನ ಹಂತಗಳನ್ನು ಓದುವ ಮೊದಲೇ ಅದನ್ನು ಮುಚ್ಚಿಸಿ.

ನಿಮಗೆ ಯಾವ ದಾರಿ ಸರಿ?

ತಿಂಗಳಿಗೆ ಒಂದೆರಡು ಪುಟ ಕಳುಹಿಸುವವರಿಗೆ ತಯಾರಕರ ಕ್ಲೌಡ್ ಸೇವೆ ಸಾಕು. ಕ್ಲೌಡ್ ಎಂದರೆ ಇಲ್ಲಿ ತಯಾರಕರದೇ ಸರ್ವರ್. ಪ್ರಿಂಟರ್ ತಾನೇ ಹೊರಗೆ ಕರೆಮಾಡಿ ಅದರೊಂದಿಗೆ ಸಂಪರ್ಕದಲ್ಲಿರುವುದರಿಂದ ರೂಟರ್‌ನಲ್ಲಿ ಏನನ್ನೂ ತೆರೆಯಬೇಕಿಲ್ಲ. ಎಪ್ಸನ್ ಕನೆಕ್ಟ್‌ನಲ್ಲಿ ಪ್ರಿಂಟರ್‌ಗೇ ಒಂದು ಇಮೇಲ್ ವಿಳಾಸ ಸಿಗುತ್ತದೆ. ಅದಕ್ಕೆ ಲಗತ್ತು ಕಳುಹಿಸಿದರೆ ಮುದ್ರಣವಾಗುತ್ತದೆ. ಎಚ್‌ಪಿಯ ಕೆಲವು ಮಾದರಿಗಳಲ್ಲಿ ‘ಪ್ರಿಂಟ್ ಎನಿವೇರ್’ ಎಂಬ ಸೌಲಭ್ಯವಿದೆ. ಈ ದಾರಿ ಹಿಡಿದರೆ ಎರಡು ಎಚ್ಚರಿಕೆ ಬೇಕು. ಇಮೇಲ್ ವಿಳಾಸಕ್ಕೆ ಯಾರು ಕಳುಹಿಸಬಹುದು ಎಂಬ ಅನುಮತಿ ಪಟ್ಟಿಯನ್ನು ಮೊದಲ ದಿನವೇ ಭರ್ತಿ ಮಾಡಿ. ನಿಮ್ಮ ಕಡತ ಮೂರನೆಯವರ ಸರ್ವರ್ ಮೂಲಕ ಹಾದುಹೋಗುತ್ತದೆ ಎಂಬುದನ್ನು ನೆನಪಿಟ್ಟು, ವೇತನ ಪಟ್ಟಿ, ವೈದ್ಯಕೀಯ ದಾಖಲೆಗಳಂತಹವನ್ನು ಇದರಲ್ಲಿ ಕಳುಹಿಸಬೇಡಿ.

ಮುದ್ರಿಸಬೇಕಾದ ಕಡತ ಕಚೇರಿಯ ಕಂಪ್ಯೂಟರ್‌ನಲ್ಲೇ ಇದ್ದರೆ ರಿಮೋಟ್ ಡೆಸ್ಕ್‌ಟಾಪ್ ಅನುಕೂಲ. ಅಂದರೆ ಕಚೇರಿಯ ಕಂಪ್ಯೂಟರ್‌ನ ಪರದೆಯನ್ನು ಮನೆಯಲ್ಲಿ ತೆರೆದು, ಅಲ್ಲಿಂದಲೇ ಮುದ್ರಣದ ಆದೇಶ ಕೊಡುವುದು. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ನಿಮ್ಮ ಮನೆಯ ಪ್ರಿಂಟರನ್ನೂ ಕಚೇರಿಯ ಕಂಪ್ಯೂಟರ್‌ನ ಪಟ್ಟಿಗೆ ಸೇರಿಸುತ್ತದೆ. ಹೆಸರಿನ ಕೊನೆಯಲ್ಲಿ ‘ರಿಡೈರೆಕ್ಟೆಡ್’ ಎಂದಿರುತ್ತದೆ. ಅದನ್ನು ಆರಿಸಿದರೆ ಕಾಗದ ಹೊರಬರುವುದು ಮನೆಯಲ್ಲಿ. ಸಂಪರ್ಕಿಸುವ ಮುನ್ನ ‘ಲೋಕಲ್ ರಿಸೋರ್ಸಸ್’ ಭಾಗದಲ್ಲಿ ಪ್ರಿಂಟರ್‌ನ ಗುರುತು ತೆಗೆದುಬಿಟ್ಟರೆ ಗೊಂದಲವೇ ಇಲ್ಲ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನೂ ಎಂದಿಗೂ ಇಂಟರ್ನೆಟ್‌ಗೆ ತೆರೆಯಬೇಡಿ. ಅದನ್ನೂ ವಿಪಿಎನ್ ಒಳಗಿನಿಂದಲೇ ಬಳಸಬೇಕು.

ದೊಡ್ಡ ಸಂಸ್ಥೆಯಲ್ಲಿದ್ದು, ಅಲ್ಲಿ ಮೈಕ್ರೋಸಾಫ್ಟ್ 365 ಬಳಕೆಯಲ್ಲಿದ್ದರೆ, 2021ರಲ್ಲಿ ಬಿಡುಗಡೆಯಾದ ಯೂನಿವರ್ಸಲ್ ಪ್ರಿಂಟ್ ಎಂಬ ಕ್ಲೌಡ್ ಮುದ್ರಣ ಸೇವೆಯ ಬಗ್ಗೆ ನಿಮ್ಮ ತಾಂತ್ರಿಕ ವಿಭಾಗವನ್ನು ಕೇಳಿ. ಅದನ್ನು ನೀವಾಗಿ ಅಳವಡಿಸಲು ಬರುವುದಿಲ್ಲ. ನಿರ್ವಾಹಕರು ಅಳವಡಿಸಿದ್ದರೆ ನಿಮ್ಮ ಕೆಲಸ ಖಾತೆಯಿಂದ ಲಾಗಿನ್ ಆಗುವುದಷ್ಟೇ.

ಉಳಿದ ಎಲ್ಲರಿಗೂ, ಅಂದರೆ ವಾರಕ್ಕೆ ಹಲವು ಬಾರಿ ಮುದ್ರಿಸಬೇಕಾದ ಸಣ್ಣ, ಮಧ್ಯಮ ಕಚೇರಿಯವರಿಗೆ, ನಾನು ಸೂಚಿಸುವುದು ವಿಪಿಎನ್. ಇಂಟರ್ನೆಟ್‌ನ ಒಳಗೇ ಎರಡು ತುದಿಗಳ ನಡುವೆ ಗೂಢಲಿಪಿಯಲ್ಲಿ ದತ್ತಾಂಶ ಸಾಗಿಸುವ ಖಾಸಗಿ ಸುರಂಗವಿದು. ಅಳವಡಿಸುವಾಗ ಸ್ವಲ್ಪ ತಾಳ್ಮೆ ಬೇಡುತ್ತದೆ. ಆದರೆ ಪ್ರಿಂಟರ್ ಯಾವ ಕಂಪನಿಯದಾದರೂ, ಎಷ್ಟು ಹಳೆಯದಾದರೂ ನಡೆಯುತ್ತದೆ. ಯಾವುದೋ ಕಂಪನಿ ತನ್ನ ಸೇವೆ ನಿಲ್ಲಿಸಿದರೆ ನಿಮ್ಮ ಮುದ್ರಣ ನಿಲ್ಲುವುದಿಲ್ಲ. ಮುಂದಿನ ಹಂತಗಳೆಲ್ಲ ಈ ದಾರಿಯವು.

ಹಂತ 1: ಅನುಮತಿ ಮತ್ತು ಮಾಹಿತಿ

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಅದರೊಳಗೆ ಸುರಂಗ ತೋಡಬೇಡಿ. ಉದ್ದೇಶ ಒಳ್ಳೆಯದಾದರೂ ಅದು ಶಿಸ್ತುಕ್ರಮಕ್ಕೆ ಕಾರಣವಾಗುವ ತಪ್ಪು. ಕಚೇರಿಯಲ್ಲಿ ಈಗಾಗಲೇ ವಿಪಿಎನ್ ಇರುವ ಸಾಧ್ಯತೆಯೂ ಉಂಟು. ಆಗ ನಿಮಗೆ ಬೇಕಿರುವುದು ಪ್ರಿಂಟರ್‌ನ ವಿಳಾಸಕ್ಕೆ ಪ್ರವೇಶ ಮಾತ್ರ.

ಅನುಮತಿ ಸಿಕ್ಕ ಮೇಲೆ ಕಚೇರಿಯಲ್ಲಿರುವಾಗಲೇ ಇವನ್ನು ಬರೆದಿಟ್ಟುಕೊಳ್ಳಿ: ಪ್ರಿಂಟರ್‌ನ ಪೂರ್ಣ ಮಾದರಿ ಸಂಖ್ಯೆ, ಅದರ ಐಪಿ ವಿಳಾಸ, ಮ್ಯಾಕ್ ವಿಳಾಸ, ಕಚೇರಿ ರೂಟರ್‌ನ ವಿಳಾಸ. ಮ್ಯಾಕ್ ವಿಳಾಸವೆಂದರೆ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ 12 ಅಂಕಿ–ಅಕ್ಷರಗಳ ಗುರುತು. ಪ್ರಿಂಟರ್‌ನ ಮೆನುವಿನಲ್ಲಿ ‘ನೆಟ್‌ವರ್ಕ್ ಕಾನ್ಫಿಗರೇಶನ್’ ಪುಟವನ್ನು ಮುದ್ರಿಸಿದರೆ ಇವೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅದರ ಒಂದು ಫೋಟೊ ತೆಗೆದುಕೊಂಡು ಮನೆಗೆ ಹೋಗಿ.

ಪ್ರಿಂಟರ್‌ಗೆ ನೆಟ್‌ವರ್ಕ್ ಸೌಲಭ್ಯವೇ ಇಲ್ಲದೆ, ಯುಎಸ್‌ಬಿ ತಂತಿಯಿಂದ ಒಂದು ಕಂಪ್ಯೂಟರ್‌ಗೆ ಮಾತ್ರ ಜೋಡಿಸಿದ್ದರೆ? ಆ ಕಂಪ್ಯೂಟರ್‌ನಲ್ಲಿ ಪ್ರಿಂಟರನ್ನು ‘ಶೇರ್’ ಮಾಡಬೇಕು ಮತ್ತು ಕಂಪ್ಯೂಟರ್ ಸದಾ ಎಚ್ಚರವಾಗಿರಬೇಕು. ಅದು ನಿದ್ರಾಸ್ಥಿತಿಗೆ ಜಾರಿದ ಕ್ಷಣ ನಿಮ್ಮ ಮುದ್ರಣವೂ ನಿಂತಿತು. ಪವರ್ ಸೆಟ್ಟಿಂಗ್ಸ್‌ನಲ್ಲಿ ನಿದ್ರೆಯನ್ನು ‘ನೆವರ್’ ಎಂದು ಇಟ್ಟು ಬನ್ನಿ.

ಹಂತ 2: ಪ್ರಿಂಟರ್‌ಗೆ ಬದಲಾಗದ ವಿಳಾಸ

ಸಾಮಾನ್ಯವಾಗಿ ರೂಟರ್ ತನ್ನಲ್ಲಿರುವ ವಿಳಾಸಗಳನ್ನು ಸಾಧನಗಳಿಗೆ ಎರವಲು ಕೊಡುತ್ತದೆ. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ವಿದ್ಯುತ್ ಹೋಗಿ ಬಂದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಗಬಹುದು. ನಿನ್ನೆವರೆಗೆ ಚೆನ್ನಾಗಿದ್ದದ್ದು ಇಂದು ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಬಹಳಷ್ಟು ಸಲ ಇರುವುದು ಇದೇ.

ಪರಿಹಾರ: ರೂಟರ್‌ನ ನಿರ್ವಹಣಾ ಪುಟದಲ್ಲಿ ‘ಡಿಎಚ್‌ಸಿಪಿ ರಿಸರ್ವೇಶನ್’ ಎಂಬಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು ಕೊಟ್ಟು, ಒಂದು ಐಪಿ ವಿಳಾಸವನ್ನು ಅದಕ್ಕಾಗಿಯೇ ಕಾಯ್ದಿರಿಸಿ. ಪ್ರಿಂಟರ್‌ನ ಮೆನುವಿನಲ್ಲೇ ಸ್ಥಿರ ವಿಳಾಸ ಬರೆಯುವ ದಾರಿಯೂ ಇದೆ. ನಾನು ಅದನ್ನು ಇಷ್ಟಪಡುವುದಿಲ್ಲ. ಹಾಗೆ ಬರೆಯುವವರು ‘ಗೇಟ್‌ವೇ’ ಎಂಬ ಅಂಕಣವನ್ನು ಖಾಲಿ ಬಿಡುತ್ತಾರೆ. ಗೇಟ್‌ವೇ ಎಂದರೆ ತನ್ನ ನೆಟ್‌ವರ್ಕಿನಿಂದ ಹೊರಗಿರುವವರಿಗೆ ಉತ್ತರ ಕಳುಹಿಸಲು ಸಾಧನ ಬಳಸುವ ಬಾಗಿಲು, ಅಂದರೆ ರೂಟರ್‌ನ ವಿಳಾಸ. ಅದು ಖಾಲಿಯಿದ್ದರೆ ಕಚೇರಿಯೊಳಗಿನವರಿಗೆಲ್ಲ ಪ್ರಿಂಟರ್ ಸರಿಯಾಗಿ ನಡೆಯುತ್ತದೆ, ನಿಮಗೆ ಮಾತ್ರ ಉತ್ತರಿಸುವುದಿಲ್ಲ. ತಪ್ಪು ಎಲ್ಲಿದೆ ಎಂದು ಯಾರಿಗೂ ಹೊಳೆಯದ ಇಂತಹ ತೊಂದರೆಯನ್ನು ಆರಂಭದಲ್ಲೇ ತಪ್ಪಿಸಿ.

ಇದೇ ಹೊತ್ತಿನಲ್ಲಿ ಪ್ರಿಂಟರ್‌ನ ನಿರ್ವಾಹಕ ಗುಪ್ತಪದವನ್ನು ಬದಲಿಸಿ, ಫರ್ಮ್‌ವೇರ್, ಅಂದರೆ ಸಾಧನದೊಳಗಿನ ಮೂಲ ತಂತ್ರಾಂಶ, ಹೊಸದಿದ್ದರೆ ಹಾಕಿಕೊಳ್ಳಿ.

ಹಂತ 3: ಸುರಂಗ

ಮೊದಲು ಎರಡೂ ತುದಿಗಳ ವಿಳಾಸ ಶ್ರೇಣಿಯನ್ನು ಹೋಲಿಸಿ ನೋಡಿ. ಮನೆಯ ರೂಟರ್ ಕೂಡ 192.168.1 ಶ್ರೇಣಿಯನ್ನು, ಕಚೇರಿಯದೂ ಅದನ್ನೇ ಬಳಸುತ್ತಿದ್ದರೆ ಸುರಂಗ ಕಟ್ಟಿಯೂ ಪ್ರಯೋಜನವಿಲ್ಲ. 192.168.1.50 ಎಂದ ಕೂಡಲೇ ನಿಮ್ಮ ಕಂಪ್ಯೂಟರ್ ಅದನ್ನು ಮನೆಯೊಳಗೇ ಹುಡುಕುತ್ತದೆ. ಕಚೇರಿಯತ್ತ ನೋಡುವುದೇ ಇಲ್ಲ. ಮನೆಯ ರೂಟರ್‌ನ ಶ್ರೇಣಿಯನ್ನು 192.168.73ರಂತಹ ಅಪರೂಪದ ಸಂಖ್ಯೆಗೆ ಬದಲಿಸುವುದು ಸುಲಭದ ದಾರಿ. ಮನೆಯಿಂದ ಕೆಲಸ ಮಾಡುವವರು ಹಲವರಿದ್ದರೆ ಕಚೇರಿಯ ಶ್ರೇಣಿಯನ್ನೇ ಬದಲಿಸುವುದು ದೂರದೃಷ್ಟಿಯ ಕೆಲಸ. ಇದು ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಗಂಟೆಗಳನ್ನು ನುಂಗುವ ಸಮಸ್ಯೆ. ಹೋಲಿಸುವುದಕ್ಕೆ ಬೇಕಿರುವುದು ಒಂದೇ ನಿಮಿಷ.

ಈಗ ವಿಪಿಎನ್ ಆಯ್ಕೆ. ಕಚೇರಿಯ ರೂಟರ್‌ನಲ್ಲೇ ವಿಪಿಎನ್ ಸರ್ವರ್ ಸೌಲಭ್ಯವಿದ್ದರೆ ಅದನ್ನೇ ಬಳಸಿ. ವೈರ್‌ಗಾರ್ಡ್ ಮತ್ತು ಓಪನ್‌ವಿಪಿಎನ್ ಎರಡೂ ಮುಕ್ತ ತಂತ್ರಾಂಶಗಳು. ಎರಡೂ ಇದ್ದರೆ ವೈರ್‌ಗಾರ್ಡ್ ಆರಿಸಿ. ಅದು ಚಿಕ್ಕದು, ವೇಗದ್ದು. 2020ರಿಂದ ಲಿನಕ್ಸ್‌ನ ತಿರುಳಿನಲ್ಲೇ ಸೇರಿಕೊಂಡಿದೆ. ಕೆಲಸದ ಕ್ರಮ ಹೀಗೆ:

ರೂಟರ್‌ನಲ್ಲಿ ವೈರ್‌ಗಾರ್ಡ್ ಸರ್ವರನ್ನು ಚಾಲೂ ಮಾಡಿ. ಪ್ರತಿ ಬಳಕೆದಾರನಿಗೂ, ಪ್ರತಿ ಸಾಧನಕ್ಕೂ ಪ್ರತ್ಯೇಕ ‘ಪಿಯರ್’, ಅಂದರೆ ತನ್ನದೇ ಕೀಲಿಯಿರುವ ನಮೂದು, ಸೃಷ್ಟಿಸಿ. ಒಂದೇ ಕೀಲಿಯನ್ನು ಎಲ್ಲರಿಗೂ ಹಂಚಬೇಡಿ. ಹಂಚಿದರೆ ನಾಳೆ ಒಬ್ಬರನ್ನು ಮಾತ್ರ ಹೊರಗಿಡಲು ಆಗುವುದಿಲ್ಲ. ರೂಟರ್ ಕೊಡುವ ಕಾನ್ಫಿಗರೇಶನ್ ಕಡತವನ್ನು ಅಥವಾ ಕ್ಯೂಆರ್ ಸಂಕೇತವನ್ನು ನಿಮ್ಮ ಲ್ಯಾಪ್‌ಟಾಪ್, ಮೊಬೈಲ್‌ನ ವೈರ್‌ಗಾರ್ಡ್ ಆ್ಯಪ್‌ಗೆ ಸೇರಿಸಿ. ಅದರಲ್ಲಿ ‘ಅಲೌಡ್ ಐಪಿಸ್’ ಎಂಬ ಸಾಲಿರುತ್ತದೆ. ಯಾವ ವಿಳಾಸಗಳಿಗೆ ಹೋಗುವ ದತ್ತಾಂಶ ಸುರಂಗದ ಮೂಲಕ ಸಾಗಬೇಕು ಎಂಬುದನ್ನು ನಿರ್ಧರಿಸುವುದು ಆ ಸಾಲೇ. ಅಲ್ಲಿ ಕಚೇರಿಯ ಶ್ರೇಣಿ ಇದ್ದರೆ ಸಾಕು. ನಿಮ್ಮ ಉಳಿದ ಇಂಟರ್ನೆಟ್ ಬಳಕೆ ಎಂದಿನಂತೆ ನೇರವಾಗಿ ನಡೆಯುತ್ತದೆ. ವೈರ್‌ಗಾರ್ಡ್‌ನ ರೂಢಿಯ ಪೋರ್ಟ್ ಯುಡಿಪಿ 51820. ಈ ಒಂದು ಪೋರ್ಟ್ ಹೊರಗೆ ತೆರೆದಿರಬೇಕು. ಹಾಗಾದರೆ ಪೋರ್ಟ್ ತೆರೆಯಬೇಡಿ ಎಂದಿದ್ದೇಕೆ ಎಂದು ನೀವು ಕೇಳಬಹುದು. ಸರಿಯಾದ ಕೀಲಿ ಇಲ್ಲದೆ ಬಡಿದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಪ್ರಿಂಟರ್‌ಗೆ ಆ ವಿವೇಚನೆ ಇಲ್ಲ.

ಸರ್ವರ್ ರೂಟರ್‌ನಲ್ಲಿ ಇಲ್ಲದೆ ಕಚೇರಿಯ ಬೇರೊಂದು ಕಂಪ್ಯೂಟರ್‌ನಲ್ಲಿದ್ದರೆ ಇನ್ನೊಂದು ಕೆಲಸ ಉಳಿಯುತ್ತದೆ. ವಿಪಿಎನ್ ವಿಳಾಸಗಳಿಗೆ ಉತ್ತರ ಕಳುಹಿಸುವ ದಾರಿ ಆ ಕಂಪ್ಯೂಟರ್ ಮೂಲಕ ಎಂದು ರೂಟರ್‌ಗೆ ತಿಳಿಸಬೇಕು. ಇದಕ್ಕೆ ‘ಸ್ಟ್ಯಾಟಿಕ್ ರೂಟ್’ ಎನ್ನುತ್ತಾರೆ. ಇದನ್ನು ಮರೆತರೆ ಕೋರಿಕೆ ಪ್ರಿಂಟರನ್ನು ಮುಟ್ಟುತ್ತದೆ, ಉತ್ತರ ಹಿಂದಿರುಗುವುದಿಲ್ಲ.

ಕೆಲವು ಕಚೇರಿಗಳಿಗೆ ಹೊರಗಿನಿಂದ ತಲುಪಬಹುದಾದ ಸಾರ್ವಜನಿಕ ವಿಳಾಸವೇ ಇರುವುದಿಲ್ಲ. ಸೇವಾದಾರರು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತಾರೆ. ಪತ್ತೆ ಸುಲಭ: ರೂಟರ್‌ನ ಪುಟದಲ್ಲಿ ‘ವ್ಯಾನ್’ ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, 100.64ರಿಂದ 100.127ರೊಳಗೆ ಇದ್ದರೆ ನಿಮ್ಮದು ಈ ಗುಂಪು. ಆಗ ಮೇಲಿನ ವಿಧಾನ ನಡೆಯುವುದಿಲ್ಲ. ಟೇಲ್‌ಸ್ಕೇಲ್‌ನಂತಹ ಸೇವೆ ನೆರವಿಗೆ ಬರುತ್ತದೆ. ಅದರ ಒಳಗಿರುವುದೂ ವೈರ್‌ಗಾರ್ಡೇ. ಎರಡೂ ತುದಿಗಳು ಹೊರಮುಖವಾಗಿ ಸಂಪರ್ಕಿಸಿ ನಡುವೆ ಭೇಟಿಯಾಗುವುದರಿಂದ ರೂಟರ್‌ನಲ್ಲಿ ಏನನ್ನೂ ತೆರೆಯಬೇಕಿಲ್ಲ. ಪ್ರಿಂಟರ್‌ನೊಳಗೆ ಟೇಲ್‌ಸ್ಕೇಲ್ ಹಾಕಲು ಬರುವುದಿಲ್ಲವಲ್ಲ, ಅದಕ್ಕಾಗಿ ಕಚೇರಿಯಲ್ಲಿ ಸದಾ ಚಾಲೂ ಇರುವ ಒಂದು ಕಂಪ್ಯೂಟರನ್ನು ‘ಸಬ್‌ನೆಟ್ ರೂಟರ್’ ಆಗಿ ನೇಮಿಸಿ. ಅದು ಪ್ರಿಂಟರ್ ಪರವಾಗಿ ದತ್ತಾಂಶವನ್ನು ಸ್ವೀಕರಿಸಿ ದಾಟಿಸುತ್ತದೆ. ಕಚೇರಿಯ ಇಡೀ ಶ್ರೇಣಿಯ ಬದಲು ಪ್ರಿಂಟರ್‌ನ ಒಂದೇ ವಿಳಾಸವನ್ನು ಹಂಚಲು ಸಾಧ್ಯ, ಹಾಗೆಯೇ ಮಾಡಿ. ಹಂಚಿದ ಮೇಲೆ ಟೇಲ್‌ಸ್ಕೇಲ್‌ನ ನಿರ್ವಹಣಾ ಪುಟಕ್ಕೆ ಹೋಗಿ ಆ ಮಾರ್ಗಕ್ಕೆ ಒಪ್ಪಿಗೆ ಕೊಡುವುದನ್ನು ಮರೆಯಬೇಡಿ. ಒಪ್ಪಿಗೆ ಸಿಗುವ ತನಕ ಮಾರ್ಗ ಮುಚ್ಚಿಯೇ ಇರುತ್ತದೆ.

ಹಂತ 4: ತಲುಪುತ್ತಿದೆಯೇ ನೋಡಿ

ಈ ಪರೀಕ್ಷೆಯನ್ನು ಕಚೇರಿಯ ವೈ-ಫೈನಲ್ಲಿ ಕುಳಿತು ಮಾಡಿದರೆ ಅರ್ಥವಿಲ್ಲ. ಅಲ್ಲಿ ಸುರಂಗವಿಲ್ಲದೆಯೂ ಎಲ್ಲ ನಡೆಯುತ್ತದೆ. ಲ್ಯಾಪ್‌ಟಾಪನ್ನು ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿ, ವಿಪಿಎನ್ ಚಾಲೂ ಮಾಡಿ, ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಪ್ರಿಂಟರ್‌ನ ಐಪಿ ವಿಳಾಸ ಬರೆದು ಎಂಟರ್ ಒತ್ತಿ. ಶಾಯಿಯ ಮಟ್ಟ, ಕಾಗದದ ಸ್ಥಿತಿ ತೋರಿಸುವ ಪ್ರಿಂಟರ್‌ನದೇ ಪುಟ ತೆರೆದುಕೊಂಡರೆ ಕಠಿಣ ಭಾಗ ಮುಗಿಯಿತು. ಪುಟದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ಬಗ್ಗೆ ಬ್ರೌಸರ್ ಎಚ್ಚರಿಕೆ ತೋರಿಸಬಹುದು. ಪ್ರಿಂಟರ್‌ಗಳು ತಮ್ಮ ಪ್ರಮಾಣಪತ್ರಕ್ಕೆ ತಾವೇ ಸಹಿ ಹಾಕಿಕೊಳ್ಳುವುದರಿಂದ ಹೀಗಾಗುತ್ತದೆ. ವಿಳಾಸ ಸರಿಯಿದೆ ಎಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಪುಟ ತೆರೆಯದಿದ್ದರೆ ಮುದ್ರಣದ ಡ್ರೈವರ್‌ಗಳ ತಂಟೆಗೆ ಹೋಗಬೇಡಿ. ಸಮಸ್ಯೆ ಇನ್ನೂ ಸುರಂಗದಲ್ಲೇ ಇದೆ. ಶ್ರೇಣಿಯ ಘರ್ಷಣೆ, ಖಾಲಿ ಗೇಟ್‌ವೇ, ಒಪ್ಪಿಗೆ ಸಿಗದ ಮಾರ್ಗ, ಈ ಮೂರನ್ನು ಮತ್ತೊಮ್ಮೆ ನೋಡಿ. ಹಾಗೆಯೇ ಪ್ರಿಂಟರ್‌ನ ‘ಆಕ್ಸೆಸ್ ಕಂಟ್ರೋಲ್’ ಪಟ್ಟಿಯಲ್ಲಿ ಕಚೇರಿಯ ವಿಳಾಸಗಳಿಗೆ ಮಾತ್ರ ಅವಕಾಶವಿದ್ದರೆ ವಿಪಿಎನ್‌ನ ಶ್ರೇಣಿಯನ್ನೂ ಅಲ್ಲಿ ಸೇರಿಸಬೇಕು.

ನೆಟ್‌ವರ್ಕ್ ನಿರ್ವಹಿಸುವವರಿಗೆ ಒಂದು ಮಾತು: ವಿಪಿಎನ್‌ನಿಂದ ಬರುವವರಿಗೆ ಪ್ರಿಂಟರ್ ಮಾತ್ರ ಬೇಕಿದ್ದರೆ, ಫೈರ್‌ವಾಲ್‌ನಲ್ಲಿ ಅದರ ವಿಳಾಸ ಮತ್ತು 631, 9100 ಪೋರ್ಟ್‌ಗಳಿಗಷ್ಟೇ ಅವಕಾಶ ಕೊಡಿ. ಪರೀಕ್ಷೆ ಮುಗಿಯುವವರೆಗೆ ಪ್ರಿಂಟರ್‌ನ ಪುಟ ತೆರೆಯುವ 80, 443ನ್ನೂ ಬಿಟ್ಟಿದ್ದು, ಆಮೇಲೆ ಮುಚ್ಚಿ.

ಹಂತ 5: ಪ್ರಿಂಟರನ್ನು ಸೇರಿಸಿ

ವಿಂಡೋಸ್‌ನಲ್ಲಿ: ಈ ಹಿಂದೆ ಕಚೇರಿಯಲ್ಲಿದ್ದಾಗ ಸೇರಿಸಿದ್ದ ಪ್ರಿಂಟರನ್ನೇ ಬಳಸಲು ಹೋಗಬೇಡಿ. ವಿಂಡೋಸ್ ಅದನ್ನು ತಾನಾಗಿ ಪತ್ತೆಹಚ್ಚಿ ಸೇರಿಸಿದ್ದರೆ ‘ಡಬ್ಲ್ಯುಎಸ್‌ಡಿ’ ಎಂಬ ಬಗೆಯ ಪೋರ್ಟ್ ಬಳಸಿರಬಹುದು. ಅದು ಸುತ್ತಲಿನ ಸಾರುವಿಕೆಯನ್ನು ನೆಚ್ಚಿಕೊಂಡದ್ದು. ಸುರಂಗದಾಚೆ ಕೆಲಸ ಮಾಡದು. ಹೊಸದಾಗಿ ಸೇರಿಸಿ:

1. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆದು ‘ಆಡ್ ಡಿವೈಸ್’ ಒತ್ತಿ. ಹುಡುಕಾಟ ನಡೆಯುತ್ತಿರುವಾಗ ‘ಆಡ್ ಮ್ಯಾನ್ಯುಯಲಿ’ ಎಂಬ ಕೊಂಡಿ ಕಾಣಿಸುತ್ತದೆ, ಅದನ್ನು ಒತ್ತಿ.
2. ಐಪಿ ವಿಳಾಸದಿಂದ ಸೇರಿಸುವ ಆಯ್ಕೆಯನ್ನು ಆರಿಸಿ. ಸಾಧನದ ಬಗೆ ಕೇಳಿದಾಗ ‘ಟಿಸಿಪಿ/ಐಪಿ ಡಿವೈಸ್’ ಎನ್ನಿ; ‘ಆಟೋಡಿಟೆಕ್ಟ್’ ಬೇಡ.
3. ವಿಳಾಸ ಬರೆಯಿರಿ. ಡ್ರೈವರನ್ನು ತಾನಾಗಿ ಹುಡುಕಲಿ ಎಂಬ ಗುರುತನ್ನು ತೆಗೆದುಹಾಕಿ.
4. ತಯಾರಕರ ಅಧಿಕೃತ ಜಾಲತಾಣದಿಂದ ಮೊದಲೇ ಇಳಿಸಿಕೊಂಡ ಡ್ರೈವರನ್ನು ಕೊಡಿ. ಡ್ರೈವರ್ ಎಂದರೆ ನಿಮ್ಮ ಕಡತವನ್ನು ಆ ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ತಂತ್ರಾಂಶ. ಮಾದರಿ ಸಂಖ್ಯೆ ಪೂರ್ತಿ ಹೊಂದಬೇಕು.
5. ಸೇರಿಸಿದ ಮೇಲೆ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು, ‘ಪೋರ್ಟ್ಸ್’ ಭಾಗದ ‘ಕಾನ್ಫಿಗರ್ ಪೋರ್ಟ್’ಗೆ ಹೋಗಿ, ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬುದರ ಗುರುತು ತೆಗೆಯಿರಿ.

ಐದನೆಯದನ್ನು ಬಿಡಬೇಡಿ. ಪ್ರಿಂಟರ್ ಜೀವಂತವಾಗಿದೆಯೇ ಎಂದು ವಿಂಡೋಸ್ 161ನೇ ಯುಡಿಪಿ ಪೋರ್ಟ್ ಮೂಲಕ ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಪ್ರಿಂಟರ್ ‘ಆಫ್‌ಲೈನ್’ ಎಂದು ತೀರ್ಮಾನಿಸಿ ಮುದ್ರಣವನ್ನೇ ತಡೆಹಿಡಿಯುತ್ತದೆ. ವಿಪಿಎನ್‌ಗಳಲ್ಲಿ ಈ ಪೋರ್ಟ್ ಮುಚ್ಚಿರುವುದು ಸಾಮಾನ್ಯ. ಪ್ರಿಂಟರ್‌ನ ಪುಟ ಬ್ರೌಸರ್‌ನಲ್ಲಿ ತೆರೆಯುತ್ತದೆ, ಆದರೂ ಆಫ್‌ಲೈನ್ ಎನ್ನುತ್ತದೆ ಎಂಬ ದೂರಿಗೆ ನಾನು ಮೊದಲು ಸೂಚಿಸುವ ಮದ್ದು ಇದೇ.

ಕಚೇರಿಯಲ್ಲಿ ವಿಂಡೋಸ್ ಪ್ರಿಂಟ್ ಸರ್ವರ್, ಅಂದರೆ ಎಲ್ಲರ ಮುದ್ರಣ ಕೆಲಸಗಳನ್ನು ನಿರ್ವಹಿಸುವ ಕಂಪ್ಯೂಟರ್, ಇದ್ದು, ಅದರ ಮೂಲಕವೇ ಮುದ್ರಿಸಬೇಕೆಂಬ ನಿಯಮವಿದ್ದರೆ ಡ್ರೈವರ್ ಹಾಕುವಾಗ ನಿರ್ವಾಹಕರ ಅನುಮತಿ ಕೇಳುತ್ತದೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಗಂಭೀರ ಭದ್ರತಾ ದೋಷ ಬಯಲಾದ ಮೇಲೆ ಮೈಕ್ರೋಸಾಫ್ಟ್ ತಂದ ಬದಲಾವಣೆ ಇದು. ಅದನ್ನು ದಾಟಲು ವಿಂಡೋಸ್‌ನ ‘ರಿಜಿಸ್ಟ್ರಿ’ ಎಂಬ ಒಳ ಸೆಟ್ಟಿಂಗ್ ತಿದ್ದುವ ಅಡ್ಡದಾರಿಗಳು ಅಲ್ಲಲ್ಲಿ ಸಿಗುತ್ತವೆ. ಆ ದೋಷವನ್ನು ಮತ್ತೆ ಬಾಗಿಲೊಳಗೆ ಕರೆದಂತಾಗುವುದರಿಂದ ಅವುಗಳಿಗೆ ಕೈಹಾಕಬೇಡಿ, ನಿರ್ವಾಹಕರನ್ನೇ ಕರೆಯಿರಿ.

ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲಿ: ಸಿಸ್ಟಂ ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ನಲ್ಲಿ ಸೇರಿಸುವ ಬಟನ್ ಒತ್ತಿ, ಗೋಳದ ಚಿಹ್ನೆಯಿರುವ ‘ಐಪಿ’ ಭಾಗಕ್ಕೆ ಹೋಗಿ ವಿಳಾಸ ಬರೆಯಿರಿ. ಶಿಷ್ಟಾಚಾರದ ಪಟ್ಟಿಯಲ್ಲಿ ಮೊದಲು ಏರ್‌ಪ್ರಿಂಟ್ ಅಥವಾ ಐಪಿಪಿ ಪ್ರಯತ್ನಿಸಿ. ಐಪಿಪಿ ಎಂದರೆ ಇಂಟರ್ನೆಟ್ ಮುದ್ರಣಕ್ಕೆಂದೇ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಶಿಷ್ಟಾಚಾರ. 631 ಅದರ ಪೋರ್ಟ್. ಹಳೆಯ ಪ್ರಿಂಟರ್ ಇದಕ್ಕೆ ಒಪ್ಪದಿದ್ದರೆ ‘ಜೆಟ್‌ಡೈರೆಕ್ಟ್’ ಆರಿಸಿ. ಅದು 9100ನ್ನು ಬಳಸುತ್ತದೆ. ಲಿನಕ್ಸ್‌ನಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ಪುಟದಿಂದ ಇದೇ ಕ್ರಮದಲ್ಲಿ ಸೇರಿಸಬಹುದು.

ಆಂಡ್ರಾಯ್ಡ್ ಫೋನ್‌ನಲ್ಲಿ ಮುದ್ರಣ ಸೇವೆಯ ಸೆಟ್ಟಿಂಗ್‌ನೊಳಗೆ ಐಪಿ ವಿಳಾಸದಿಂದ ಪ್ರಿಂಟರ್ ಸೇರಿಸುವ ಆಯ್ಕೆ ಇರುತ್ತದೆ. ಐಫೋನ್‌ನಲ್ಲಿ ಹಾಗೆ ಕೈಯಿಂದ ವಿಳಾಸ ಬರೆಯುವ ಜಾಗವಿಲ್ಲ. ನಿರ್ವಾಹಕರು ಏರ್‌ಪ್ರಿಂಟ್ ವಿಳಾಸವಿರುವ ಕಾನ್ಫಿಗರೇಶನ್ ಪ್ರೊಫೈಲ್ ಸಿದ್ಧಪಡಿಸಿ ಕೊಟ್ಟರೆ ನಡೆಯುತ್ತದೆ. ಇಲ್ಲದಿದ್ದರೆ ಐಫೋನ್ ಬಳಸುವವರಿಗೆ ತಯಾರಕರ ಕ್ಲೌಡ್ ಆ್ಯಪ್ ದಾರಿಯೇ ಸಲೀಸು.

ಹಂತ 6: ಮೊದಲ ಮುದ್ರಣ

ಮೊದಲ ಸಲ ಕಚೇರಿಯಲ್ಲಿ ಯಾರಾದರೂ ಇರುವ ಹೊತ್ತು ನೋಡಿ, ಅವರಿಗೆ ಹೇಳಿ, ಒಂದೇ ಪುಟ ಕಳುಹಿಸಿ. ಕನ್ನಡ ಅಕ್ಷರಗಳಿರುವ ಪುಟವನ್ನೇ ಕಳುಹಿಸುವುದು ಒಳ್ಳೆಯದು. ಒತ್ತಕ್ಷರಗಳು ಒಡೆದು ಬಂದರೆ ಕಡತವನ್ನು ಪಿಡಿಎಫ್ ಮಾಡಿ, ಮುದ್ರಣದ ಆಯ್ಕೆಗಳಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಎಂದು ಗುರುತಿಸಿ ನೋಡಿ.

ಕಾಗದ ಬರಲಿಲ್ಲವೆಂದು ಮತ್ತೆ ಮತ್ತೆ ಬಟನ್ ಒತ್ತುವುದು ಇಲ್ಲಿನ ದೊಡ್ಡ ತಪ್ಪು. ಪ್ರತಿ ಒತ್ತಿಗೂ ಒಂದು ಕೆಲಸ ಸರದಿಯಲ್ಲಿ ನಿಲ್ಲುತ್ತದೆ. ಪ್ರಿಂಟರ್‌ಗೆ ಕಾಗದ ತುಂಬಿಸಿದ ಕೂಡಲೇ ಎಲ್ಲ ಪ್ರತಿಗಳೂ ಸಾಲಾಗಿ ಹೊರಬೀಳುತ್ತವೆ. ಮೊದಲು ಸರದಿಯನ್ನು ತೆರೆದು ನೋಡಿ, ನಿಂತದ್ದನ್ನು ರದ್ದುಮಾಡಿ, ಆಮೇಲೆ ಕಳುಹಿಸಿ. ಪ್ರಿಂಟರ್‌ನ ಪುಟದಲ್ಲೇ ಕಾಗದ ಮುಗಿದಿದೆಯೇ, ಸಿಕ್ಕಿಕೊಂಡಿದೆಯೇ ಎಂಬುದೂ ಗೊತ್ತಾಗುತ್ತದೆ.

ಕಡತದ ಗಾತ್ರ ಇನ್ನೊಂದು ವಿಷಯ. ಕೆಲವೇ ಎಂಬಿಯ ಪಿಡಿಎಫ್ ಕೂಡ ಡ್ರೈವರ್ ಮೂಲಕ ಹಾದು ಪ್ರತಿ ಪುಟವೂ ಚಿತ್ರವಾಗಿ ಬದಲಾದಾಗ ಹಲವು ಪಟ್ಟು ಹಿಗ್ಗಬಹುದು. ಮನೆಯ ಸಂಪರ್ಕದಲ್ಲಿ ಮೇಲೇರಿಸುವ ವೇಗ ಇಳಿಸಿಕೊಳ್ಳುವ ವೇಗಕ್ಕಿಂತ ಕಡಿಮೆಯಿರುವುದೇ ಹೆಚ್ಚು. ನೂರಾರು ಪುಟಗಳ ವರದಿಯಿದ್ದರೆ ಪಿಡಿಎಫನ್ನು ಕಚೇರಿಯ ಕಂಪ್ಯೂಟರ್‌ಗೆ ನಕಲಿಸಿ, ರಿಮೋಟ್ ಡೆಸ್ಕ್‌ಟಾಪ್‌ನಿಂದ ಅಲ್ಲೇ ಮುದ್ರಿಸುವುದು ಜಾಣತನ.

ಒಂದು ಸಣ್ಣ ಪುಟ ಸರಿಯಾಗಿ ಬರುತ್ತದೆ, ದೊಡ್ಡ ಕಡತ ಮಾತ್ರ ನಡುವೆ ನಿಂತುಬಿಡುತ್ತದೆ ಎಂದಾದರೆ ಎಂಟಿಯು ಕಡೆ ಗಮನ ಕೊಡಿ. ಒಂದು ಬಾರಿಗೆ ಸಾಗುವ ದತ್ತಾಂಶದ ಪೊಟ್ಟಣದ ಗರಿಷ್ಠ ಗಾತ್ರವದು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಬೈಟ್ ಬಳಸುತ್ತದೆ. ಕೆಲವು ಸಂಪರ್ಕಗಳಲ್ಲಿ ಅಷ್ಟು ದೊಡ್ಡ ಪೊಟ್ಟಣ ಹಾಯುವುದಿಲ್ಲ. ಕಾನ್ಫಿಗರೇಶನ್‌ನಲ್ಲಿ 1280ಕ್ಕೆ ಇಳಿಸಿ ನೋಡಿ.

ಹಂತ 7: ಟ್ರೇಯಲ್ಲಿ ಬಿದ್ದ ಕಾಗದ

ಇಡೀ ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗಿದ ಕಡತ ಕೊನೆಗೆ ಎಲ್ಲರೂ ಓಡಾಡುವ ಜಾಗದಲ್ಲಿ ತೆರೆದ ಹಾಳೆಯಾಗಿ ಬೀಳುತ್ತದೆ. ಯಾರೂ ಎತ್ತಿಕೊಳ್ಳದೆ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ನನ್ನ ಮಟ್ಟಿಗೆ ದೂರದ ಮುದ್ರಣದಲ್ಲಿ ಗೋಪ್ಯತೆ ಸೋರುವ ಮುಖ್ಯ ಜಾಗ ಇದೇ. ಕಚೇರಿ ಬಳಕೆಯ ಹೆಚ್ಚಿನ ಪ್ರಿಂಟರ್‌ಗಳಲ್ಲಿ ‘ಸೆಕ್ಯೂರ್ ಪ್ರಿಂಟ್’, ‘ಪಿನ್ ಪ್ರಿಂಟ್’ ಅಥವಾ ‘ಜಾಬ್ ಹೋಲ್ಡ್’ ಎಂಬ ಸೌಲಭ್ಯವಿದೆ. ಡ್ರೈವರ್‌ನ ಆಯ್ಕೆಗಳಲ್ಲಿ ಒಂದು ಪಿನ್ ಕೊಟ್ಟರೆ ಕಡತ ಪ್ರಿಂಟರ್‌ನೊಳಗೇ ಕಾಯುತ್ತದೆ; ಯಾರಾದರೂ ಬಂದು ಅದೇ ಪಿನ್ ಒತ್ತಿದಾಗಲೇ ಹಾಳೆ ಹೊರಬರುತ್ತದೆ. ಆಯ್ಕೆ ಕಾಣದಿದ್ದರೆ ಡ್ರೈವರ್‌ನ ‘ಡಿವೈಸ್ ಸೆಟ್ಟಿಂಗ್ಸ್’ನಲ್ಲಿ ಅದನ್ನು ಸಕ್ರಿಯಗೊಳಿಸಬೇಕಾಗಬಹುದು. ಪಿನ್ನನ್ನು ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿ. ಕಡತದ ಹೆಸರಿನಲ್ಲೇ ಬರೆದು ಕಳುಹಿಸಬೇಡಿ. ಪ್ರಿಂಟರ್‌ನ ಪರದೆಯಲ್ಲಿ ಕಡತದ ಹೆಸರು ಕಾಣಿಸುತ್ತದೆ ಎಂಬುದೂ ಗಮನದಲ್ಲಿರಲಿ.

ಕೆಲಸ ಬಿಟ್ಟುಹೋದವರ, ಕಳೆದುಹೋದ ಲ್ಯಾಪ್‌ಟಾಪ್‌ಗಳ ವಿಪಿಎನ್ ಕೀಲಿಯನ್ನು ಅದೇ ದಿನ ಅಳಿಸಿಹಾಕಿ. ಪ್ರತಿ ಸಾಧನಕ್ಕೂ ಪ್ರತ್ಯೇಕ ಕೀಲಿ ಕೊಟ್ಟಿದ್ದರೆ ರೂಟರ್‌ನಲ್ಲಿ ಆ ಒಂದು ಪಿಯರ್ ತೆಗೆದರೆ ಸಾಕು, ಉಳಿದವರ ಮುದ್ರಣಕ್ಕೆ ಅಡ್ಡಿಯಾಗುವುದಿಲ್ಲ.